ಒಗೆಯೋರು ಯಾರು?

ತುಮಕೂರಿನಲ್ಲಿ ಬಟ್ಟೆಗೆ ಪ್ರಿಂಟ್ ಹಾಕುವ ಅಣ್ಣ ಒಬ್ಬರಿದ್ದರು. ಯಾವ ಆರ್ಡರ್ ಬಂದರೂ ಬೆರಳಿನ ಬಣ್ಣವನ್ನು ಲುಂಗಿಗೆ ಒರೆಸಿಕೊಂಡು ಮೊದಲು ಕೇಳುತ್ತಿದ್ದುದು ಒಂದೇ: "ಇದ್ನ ಒಗೆಯೋರು ಯಾರಪ್ಪಾ?"

ಗುಬ್ಬಿಯಲ್ಲಿ ನಾನು ಡ್ರಿಪ್ ಪೈಪ್ ಅಂಗಡಿ ತೆರೆಯಲಿದ್ದೆ. ಅದರ ಹೆಸರು ರೈತರ ಬಾಯಲ್ಲಿ ನಿಲ್ಲಲೆಂದು ಇನ್ನೂರು ಟವಲ್ ಹಂಚುವ ಪ್ಲಾನ್ ಹಾಕಿದ್ದೆ.

"ಅಣ್ಣಾ, ಸ್ಟಿಕ್ಕರ್ ಪ್ರಿಂಟೇ ಬೇಕು. ನನ್ ಫೋಟೋ ಫುಲ್ ಕಲರಲ್ಲಿ ಬರ್ಬೇಕು," ಎಂದೆ. ಸಿನಿಮಾ ಹೀರೊಗಳೇ ಹೊಟ್ಟೆ ಉರಿದುಕೊಳ್ಳುವಂಥ ಫೋಟೋ ಅದು.

ಅವರು ಒಂದು ಸ್ಯಾಂಪಲ್ ಮಾಡಿ, ಸೋಪು ಹಚ್ಚಿ, ಹಿತ್ತಲ ಕಲ್ಲಿಗೆ ಬಡಿದರು. ಮೂರನೇ ಏಟಿಗೆ ನನ್ನ ಮೀಸೆ ಹೋಯಿತು, ಐದನೆಯದಕ್ಕೆ ಮೂಗು.

"ಯಾಕಣ್ಣಾ ಹಿಂಗ್ ಹೊಡೀತೀಯ?"

"ನಾನ್ ಮೆಲ್ಲುಗ್ ಹೊಡ್ದೆ ಕಣ್ಲಾ. ಊರಲ್ಲಿ ಹೆಂಗಸ್ರು ಒಗೆಯೋದ್ ನೋಡಿದ್ಯಾ? ಮಕ ಬುಡು, ಹೆಸ್ರು ಉಳುಸ್ಕೊ."

ಸ್ಕ್ರೀನ್ ಪ್ರಿಂಟ್‌ನಲ್ಲಿ, ಹಸಿರು ಬಣ್ಣದಲ್ಲಿ, ಅಂಗಡಿಯ ಹೆಸರಷ್ಟೇ ಹಾಕಿಕೊಟ್ಟರು.

ಮೊನ್ನೆ ಹಾಗಲವಾಡಿಯಲ್ಲಿ ಒಂದು ಮನೆ ಮುಂದಿನ ಹಗ್ಗದ ಮೇಲೆ ಆ ಟವಲ್ ಕಂಡೆ. ಆಚೆಯ ತೆಂಗಿನಮರ ಕಾಣುವಷ್ಟು ಸವೆದಿತ್ತು; ಹೆಸರು ಮಾತ್ರ ಹಸಿರಾಗೇ ಇತ್ತು. ನನ್ನ ವ್ಯಾಪಾರದ ಜಾಣತನಕ್ಕೆ ಅಂಗಡಿ ಮುಚ್ಚಿ ಎರಡು ವರ್ಷವಾಯಿತು. ಅದರ ಹೆಸರನ್ನು ಯಾರೋ ತಾಯಿ ಇನ್ನೂ ಒಗೆದು ಒಣಗಿಸುತ್ತಿದ್ದಾಳೆ.