ಹಿಂದಿನವರು ಮೇಲಕ್ಕೆ

ಪುಟ್ಟ ವಿಮಾನಗಳ ಆ ಕ್ಲಬ್ಬಿನಲ್ಲಿ ಜೊತೆಯಾಗಿ ಹಾರುವ ಯೋಜನೆಯೆಂದರೆ ಮೇಷ್ಟ್ರದೇ ಕೊನೆಯ ಮಾತು. ಹೊರಡುವ ಮೊದಲು ಪೈಲಟ್‌ಗಳನ್ನು ಅಂಗಳದಲ್ಲಿ ಸಾಲಾಗಿ ನಡೆಸಿ ಪಾಠ ಒಪ್ಪಿಸಿಕೊಳ್ಳುತ್ತಿದ್ದರು. ಎದುರು ಪ್ರಶ್ನೆ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಅಂದು ಮೂರನೇ ವಿಮಾನಕ್ಕೆ ಮೇಷ್ಟ್ರ ಮಗನ ಬದಲು ಸೊಸೆ ಬಂದಿದ್ದಳು.

“ಮೋಡದಲ್ಲಿ ಮುಂದಿನ ವಿಮಾನ ಕಾಣದೆ ಹೋದ್ರೆ?” ಮೇಷ್ಟ್ರು ಕೇಳಿದರು.

“ಹಿಂದಿನವರು ಐನೂರು ಅಡಿ ಮೇಲೆ ಹೋಗ್ಬೇಕು,” ಎಂದ ಎರಡನೇ ವಿಮಾನದವನು.

“ಮಾವ, ನಾನೂ ಹಿಂದಿನವಳೇ ಅಲ್ವಾ?” ಎಂದಳು ಸೊಸೆ. “ಇಬ್ರೂ ಐನೂರು ಅಡಿ ಮೇಲೆ ಹೋದ್ರೆ ಡಿಕ್ಕಿ ಆಗಲ್ವಾ?”

ಕ್ಲಬ್ಬಿನಲ್ಲಿ ಎರಡೇ ವಿಮಾನಗಳಿದ್ದಾಗ ಮೇಷ್ಟ್ರೇ ಬರೆದ ನಿಯಮವದು. ಮೂರನೆಯದು ಬಂದು ಆರು ವರ್ಷವಾದರೂ ಅದರಲ್ಲಿ ಒಂದಕ್ಷರವನ್ನೂ ತಿದ್ದಿರಲಿಲ್ಲ. ಆ ಆರು ವರ್ಷವೂ ಮೂರನೆಯದನ್ನು ಹಾರಿಸಿದವನು ಅವರ ಒಬ್ಬನೇ ಮಗ.