ಬರಿದಾಗಿ ಹೋದ ಬೋಗುಣಿ

ಪಕ್ಕದ ಮನೆಯವರ ಸ್ಟೀಲ್ ಬೋಗುಣಿ ಮೊನ್ನೆಯಿಂದ ನಮ್ಮ ಅಡುಗೆಮನೆಯಲ್ಲಿ ಬೋರಲು ಬಿದ್ದಿದೆ. ಅವರೆಕಾಳು ಸಾರು ಕಳಿಸಿದ್ದರು. ಉಂಡಿದ್ದಾಯಿತು, ತೊಳೆದದ್ದಾಯಿತು, ಕೊಟ್ಟು ಬರಲು ಮಾತ್ರ ಕಾಲು ಏಳುತ್ತಿಲ್ಲ. ಹೆಂಡತಿ ಇದ್ದಷ್ಟು ದಿನ ಈ ವ್ಯವಹಾರವೆಲ್ಲ ಅವಳದು. ನಾನು ಬರೀ ಉಣ್ಣುವ ಇಲಾಖೆಯವನು.

ಆ ಬೋಗುಣಿ ಕಂಡಾಗಲೆಲ್ಲ ಚನ್ನರಾಯಪಟ್ಟಣದ ನಮ್ಮ ದೊಡ್ಡಪ್ಪ ನೆನಪಾಗುತ್ತಾರೆ. ಐವತ್ತರ ದಶಕದ ಕೊನೆಯಿರಬೇಕು. ತೆಂಗಿನಕಾಯಿ ಮಂಡಿಯಲ್ಲಿ ಅವರದು ದೊಡ್ಡ ಗಂಟಲು. ದೊಡ್ಡಮ್ಮ ತೀರಿಕೊಂಡದ್ದೇ, ಆ ಗಂಟಲು ಕಟ್ಟಿಹೋಯಿತು. ಮಂಡಿಯ ಗೆಳೆಯರು ಬಂದರು, ಕಾಯಿ ಧಾರಣೆ ಮಾತಾಡಿದರು, ಹೋದರು. ನಮ್ಮ ಕಡೆಯ ಗಂಡಸರು, ಯಾವ ಜಾತಿಯವರೇ ಆಗಲಿ, ಹೆಂಡತಿಯ ಮುಂದೆ ಬಿಟ್ಟರೆ ಬೇರೆಲ್ಲಿ ಮನಸ್ಸು ಬಿಚ್ಚುತ್ತಾರೆ, ನೀವೇ ಹೇಳಿ.

ಬೀದಿಯ ಹೆಂಗಸರು ದಿನಾ ಸಾರು ಕಳಿಸುತ್ತಿದ್ದರು. ಬರುಬರುತ್ತ ಅದೂ ನಿಂತಿತು. ದೊಡ್ಡಪ್ಪ ಒಪ್ಪೊತ್ತು ಉಂಡರೆ ಹೆಚ್ಚು. "ಇನ್ ಯಾಕ್ ಬದುಕ್ಬೇಕ್ಲಾ?" ಎಂದು ನಮ್ಮಪ್ಪನನ್ನು ಕೇಳಿದರಂತೆ. ಅಪ್ಪ ಹೆದರಿ, ಕೊಣನೂರಿನಲ್ಲಿದ್ದ ತಂಗಿಗೆ ಹೇಳಿಕಳಿಸಿದರು.

ಈ ಅತ್ತೆ ಚಿಕ್ಕವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಶುಭಕಾರ್ಯಗಳಲ್ಲಿ ಅವರನ್ನು ಹಿಂದೆ ಕೂರಿಸುತ್ತಿದ್ದರು. ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಆದರೂ ಅತ್ತೆ ನಗುತ್ತಿದ್ದರು. ಅವರಿಗೆ ಬಾವಿಕಟ್ಟೆಯಿತ್ತು, ಹಿತ್ತಿಲಿತ್ತು, ಅಳುವುದಕ್ಕೆ ಜೊತೆಯಿತ್ತು.

ಬಂದವರೇ ಬೀದಿಯೆಲ್ಲ ಸುತ್ತಿ ವಿಷಯ ತಿಳಿದುಕೊಂಡು ಬಂದರು.

"ಅಣ್ಣ, ಬರೀ ಬೋಗುಣಿ ಸಾರು ಕೊಟ್ಟೋರ ಜಗ್ಲಿ ಮ್ಯಾಲಿಟ್ ಬತ್ತಿದ್ಯಂತೆ?"

"ಬೆಳ್ಳಿ ಅಂಗೆ ಉಜ್ಜಿ ಇಟ್ಟಿವ್ನಿ ಕಣಮ್ಮಿ!"

"ಬರೀದು ಕೊಟ್ರೆ ನಿಮ್ ಸವಾಸ ಸಾಕು ಅಂದಂಗಲ್ವಾ? ನಮ್ಮನೆ ಸಾರು ಬ್ಯಾಡ್ವೇನೋ ಅಂತ ಎದುರುಮನೆ ಪುಟ್ಟಮ್ಮ ನೊಂದ್ಕೊಂಡವ್ಳೆ."

ದೊಡ್ಡಪ್ಪ ಕಕ್ಕಾಬಿಕ್ಕಿಯಾದರು. ಹಿಂದಿರುಗಿಸುವ ಬೋಗುಣಿಗೆಲ್ಲ ದೊಡ್ಡಮ್ಮ ಹಿಡಿ ಬೇಳೆಯನ್ನೋ ನಾಲ್ಕು ಮೆಣಸಿನಕಾಯಿಯನ್ನೋ ಹಾಕುತ್ತಿದ್ದದ್ದು ಅವರ ಕಣ್ಣಿಗೆ ಬಿದ್ದಿರಲೇ ಇಲ್ಲ.

"ನಂಗೇನ್ ಗೊತ್ತು? ಅವ್ಳು ಯೋಳ್ಲೇ ಇಲ್ವಲ್ಲ" ಎಂದವರು ಅಲ್ಲೇ ಕೂತು ಅತ್ತುಬಿಟ್ಟರು. ದೊಡ್ಡಮ್ಮ ಹೋದ ದಿನವೂ ಅಳದಿದ್ದ ಮನುಷ್ಯ.

ಅತ್ತೆ ಅಣ್ಣನನ್ನು ಅಳಲು ಬಿಟ್ಟರು. ಆಮೇಲೆ ಒಂದು ತೆಂಗಿನಕಾಯಿ ಕೈಗಿಟ್ಟು, "ಪುಟ್ಟಮ್ಮನ ಮನೆಗೆ ನೀನೇ ಓಗು. ಕೂತ್ಕೊ ಅಂದ್ರೆ ಕೂತ್ಕೊ. ಎದ್ದು ಬಂದ್ಬುಟ್ಟೀಯ ಮತ್ತೆ!" ಎಂದರು.

ದೊಡ್ಡಪ್ಪ ಮರಳಿದ್ದು ದೀಪ ಹಚ್ಚುವ ಹೊತ್ತಿಗೆ. ಪುಟ್ಟಮ್ಮ ಇಡೀ ಹೊತ್ತು ದೊಡ್ಡಮ್ಮನ ವಿಷಯವನ್ನೇ ಆಡಿದರಂತೆ. ಅಂದು ದೊಡ್ಡಪ್ಪ ಕೇಳಿ ಹಾಕಿಸಿಕೊಂಡು ಮುದ್ದೆ ಉಂಡರು.

ಇಷ್ಟು ಬರೆದು ಎದ್ದೆ. ಡಬ್ಬಿಗಳನ್ನೆಲ್ಲ ತಡಕಿದರೆ ಸಿಕ್ಕಿದ್ದು ಒಂದು ಹಿಡಿ ಹುರಿಗಡಲೆ. ಅದನ್ನೇ ಬೋಗುಣಿಗೆ ಸುರಿದುಕೊಂಡು ಹೋಗಿ ಬಾಗಿಲು ತಟ್ಟಿದೆ.

"ಅಯ್ಯೋ, ಇದೆಲ್ಲ ಯಾಕೆ? ಒಳಗೆ ಬನ್ನಿ" ಎಂದರು ಪಕ್ಕದ ಮನೆಯಾಕೆ.

"ಇಲ್ಲ, ಕೆಲಸ ಇದೆ" ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತೆ.