ಪಿಸುಮಾತಿಲ್ಲದ ಊರು

ಜೆಜು ದ್ವೀಪದ ಆ ಕಡಲೂರಿನಲ್ಲಿ ಗುಟ್ಟು ಎನ್ನುವುದು ನಿಲ್ಲುತ್ತಿರಲಿಲ್ಲ. ಜನ ಕೆಟ್ಟವರೆಂದಲ್ಲ, ಅಲ್ಲಿನ ಹೆಂಗಸರಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ, ಅಷ್ಟೆ. ನಲವತ್ತು ಐವತ್ತು ವರ್ಷ ಉಸಿರು ಬಿಗಿಹಿಡಿದು ಕಡಲ ತಳಕ್ಕಿಳಿದು ಶಂಖ ಚಿಪ್ಪು ಕಿತ್ತು ತರುವವರ ಕಿವಿ ಎಷ್ಟು ದಿನ ನೆಟ್ಟಗಿದ್ದೀತು? ಅಗಿದ ಚೂಯಿಂಗ್ ಗಮ್ ಅನ್ನು ಕಿವಿಗೆ ಮೆತ್ತಿಕೊಂಡು ಮುಳುಗುತ್ತಿದ್ದರು. ಆದರೂ ನೀರು ತನ್ನ ಪಾಲು ಬಿಡುತ್ತಿರಲಿಲ್ಲ. ಸೊಸೆಯ ಮೇಲಿನ ದೂರಾಗಲಿ, ಹೊಟ್ಟೆಯ ಉಬ್ಬರವಾಗಲಿ, ಅಲ್ಲಿ ಎಲ್ಲವೂ ಊರಿಗೇ ಡಂಗುರ.

ಆ ಊರಿನಲ್ಲೂ ಯಾಂಗ್ ಗಪ್‌ಸುನ್‌ಳದು ಎದ್ದು ಕೇಳುವ ಗಂಟಲು. ವಯಸ್ಸು ಅರವತ್ತು ದಾಟಿತ್ತು. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರೆಬರೆ. ಹಟ ಮಾತ್ರ ಒಂದು ಗುಂಜಿಯೂ ಕಡಿಮೆಯಾಗಿರಲಿಲ್ಲ. ಮಗಳು ಯೊನ್‌ಸಿಲ್ ಹೋಟೆಲೊಂದರ ಅಡುಗೆಮನೆಗೆ ಬೆಳಗಾಗುವ ಮೊದಲೇ ಹೊರಟುಬಿಡುತ್ತಿದ್ದುದರಿಂದ ಐದು ವರ್ಷದ ಮೊಮ್ಮಗಳು ಸೋರಾಳನ್ನು ನೋಡಿಕೊಳ್ಳುವುದು ಗಪ್‌ಸುನ್‌ಳ ಪಾಲಿಗೆ ಬಂದಿತ್ತು. ಮೊಮ್ಮಗಳೆಂದರೆ ಅವಳಿಗೆ ಜೀವ. ಅದನ್ನೂ ಅವಳು ಊರಿಗೆಲ್ಲ ಕೇಳುವಂತೆಯೇ ಹೇಳುತ್ತಿದ್ದಳು.

ಸೋರಾ ಹುಟ್ಟುವಾಗಲೇ ಅಂಗುಳು ಸೀಳಿತ್ತು. ಹಾಲು ಕುಡಿಸಿದರೆ ಮೂಗಿನಿಂದ ಬರುತ್ತಿತ್ತು. ಒಂದು ವರ್ಷ ತುಂಬಿದ ಮೇಲೆ ಪಟ್ಟಣದ ಆಸ್ಪತ್ರೆಯಲ್ಲಿ ಸೀಳನ್ನು ಕೂಡಿಸಿ ಹೊಲಿದರು. ಇನ್ನೇನು, ಮಾತು ತಾನಾಗಿ ಬರುತ್ತದೆ ಎಂದು ಗಪ್‌ಸುನ್ ಕಾದಳು. ಬಂತು, ಆದರೆ ಅರ್ಧವೇ ಬಂತು. 'ಆ', 'ಓ', 'ಮಾ', 'ನಾ' ಗಟ್ಟಿಯಾಗಿ ಬರುತ್ತಿದ್ದವು. ಗಾಳಿ ಊದಿ ಹುಟ್ಟಿಸಬೇಕಾದ ಶಬ್ದಗಳೆಲ್ಲ ಎಲ್ಲೋ ಸೋರಿಹೋಗುತ್ತಿದ್ದವು. ತನ್ನ ಹೆಸರನ್ನೇ ಮಗು 'ಓಯಾ' ಎನ್ನುತ್ತಿತ್ತು. ಮನೆಯವರಿಗೆ ತಿಳಿಯುತ್ತಿತ್ತು, ಅಂಗಡಿಯವನಿಗೆ ತಿಳಿಯುತ್ತಿರಲಿಲ್ಲ. ಓಣಿಯ ಮಕ್ಕಳು ಅಣಕಿಸುತ್ತಿದ್ದರು. ಮುಂದಿನ ವರ್ಷವೋ ಅದರಾಚೆಯದೋ ಶಾಲೆ. ಅಷ್ಟರೊಳಗೆ ಮಾತು ಬಾರದಿದ್ದರೆ ಎಂಬ ಭಯ ಗಪ್‌ಸುನ್‌ಳ ಎದೆಯಲ್ಲಿ ಕೂತುಬಿಟ್ಟಿತ್ತು.

ಪಟ್ಟಣದಲ್ಲಿ ಮಾತು ಕಲಿಸುವ ಮೇಡಂ ಮಗುವಿನ ಬಾಯಿಗೆ ಬೆಳಕು ಹಿಡಿದು ನೋಡಿದಳು.

"ಅಜ್ಜಿ, ಹೊಲಿಗೆ ಚೆನ್ನಾಗಿ ಕೂಡಿದೆ. ನನಗೆ ಕಿವಿ ಮೇಲೆ ಅನುಮಾನ. ಅಂಗುಳು ಸೀಳಿದ್ದ ಮಕ್ಕಳಿಗೆ ಕಿವಿ ಒಳಗಡೆ ನೀರು ನಿಂತ್ಕೊಳ್ಳತ್ತೆ. ಆಪರೇಷನ್ ಆದ್ಮೇಲೂ ನಿಂತ್ಕೊಳ್ಳಬಹುದು. ಆಸ್ಪತ್ರೆಯವ್ರು ಆಗಾಗ ಕಿವಿ ತೋರಿಸಿ ಅಂದಿದ್ರಲ್ಲ, ತೋರಿಸಿದ್ರಾ?"

"ಕಿವಿಗೇನಾಗಿದೆ? ಮೂರು ಕಲ್ಲುಗೋಡೆ ಆಚೆಯಿಂದ ಕೂಗಿದ್ರೂ ಓಡಿ ಬರ್ತಾಳೆ!" ಎಂದಳು ಗಪ್‌ಸುನ್. ಹೊರಗೆ ಕೂತಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು.

"ನೀವು ಕೂಗಿದ್ರೆ ಬರ್ತಾಳೆ, ಒಪ್ಪಿದೆ. ಮೆಲ್ಲಗೆ ಕರೆದ್ರೆ?"

"ಮೆಲ್ಲಗೆ ಯಾಕಮ್ಮಾ ಕರೀಬೇಕು?"

ಮೇಡಂಗೆ ನಗು ಬಂದರೂ ತಡೆದುಕೊಂಡಳು. ನೀರು ನಿಂತಿದ್ದರೆ ಕಿವಿತಮಟೆಗೆ ಸಣ್ಣ ಕೊಳವೆ ಹಾಕುತ್ತಾರೆ, ಅದಿರುವಷ್ಟು ಕಾಲ ಮಗುವನ್ನು ಕಡಲಲ್ಲಿ ಮುಳುಗಿಸಬಾರದು ಎಂದು ವಿವರಿಸಿದಳು. ಆ ಕೊನೆಯ ಮಾತು ಕೇಳಿದ್ದೇ ಗಪ್‌ಸುನ್ ಮಗುವಿನ ಕೈಹಿಡಿದು ಎದ್ದಳು. ಕಿವಿಯ ವೈದ್ಯರ ಕೋಣೆ ಪಕ್ಕದಲ್ಲೇ ಇತ್ತು. ಅದನ್ನು ದಾಟಿಕೊಂಡು ಬಸ್ಸಿಗೆ ನಡೆದಳು.

ಅದಕ್ಕೆ ಕಾರಣವಿತ್ತು, ಯಾರಿಗೂ ಹೇಳಿರಲಿಲ್ಲ. ಮಾತು ಬರದೇ ಹೋದರೆ ಮಗುವಿಗೆ ತನ್ನಂತೆ ಮುಳುಗಿ ಬದುಕಲು ಕಡಲಾದರೂ ಇದೆ ಎಂದು ಅವಳು ಒಳಗೊಳಗೇ ಲೆಕ್ಕ ಹಾಕಿದ್ದಳು. ನೀರಿನ ತಳದಲ್ಲಿ ಯಾರು ಯಾರನ್ನು ಮಾತಾಡಿಸುತ್ತಾರೆ? ಅಲ್ಲಿ ಅಣಕಿಸುವವರಿಲ್ಲ. ಆ ಬಾಗಿಲನ್ನೂ ಮುಚ್ಚಿಕೊಳ್ಳಲು ಅವಳಿಗೆ ಧೈರ್ಯ ಬರಲಿಲ್ಲ.

ಮುಳುಗುವವರಿಗೆ ಒಂದೊಂದು ತೇಲುಗುಂಡು ಇರುತ್ತದೆ. ಕೆಳಗೆ ಬಲೆಚೀಲ ಕಟ್ಟಿದ ಕಿತ್ತಳೆ ಬಣ್ಣದ ಗುಂಡು. ಗಪ್‌ಸುನ್‌ಳದಕ್ಕೆ ಗುರುತಿಗೆಂದು ನೀಲಿ ಬಟ್ಟೆ ಕಟ್ಟಿತ್ತು. ಅದಕ್ಕಿಂತ ದೊಡ್ಡ ಗುರುತೆಂದರೆ ಸಿಳ್ಳು. ತಳದಿಂದ ಮೇಲೆದ್ದಾಗ ಕಟ್ಟಿದ್ದ ಉಸಿರನ್ನು ಒಮ್ಮೆಲೇ ಬಿಡುವ ಆ ಸಿಳ್ಳು ಒಬ್ಬೊಬ್ಬರದು ಒಂದೊಂದು ಥರ. ಬಂಡೆಯ ಮೇಲೆ ಆಡುವ ಮಕ್ಕಳು ತಲೆ ಎತ್ತದೆಯೇ ತಮ್ಮಮ್ಮ ಎದ್ದಳು ಎಂದು ಹೇಳಬಲ್ಲರು. ನಡೆಯುವುದಕ್ಕಿಂತ ಮೊದಲೇ ಅಲ್ಲಿನ ಮಕ್ಕಳು ಕಲಿಯುವ ವಿದ್ಯೆ ಅದು.

ವಸಂತದ ಒಂದು ಬೆಳಗ್ಗೆ ಗಪ್‌ಸುನ್‌ಳ ಗುಂಡಿನ ಬಲೆಚೀಲ ಹರಿದಿತ್ತು. ಗೆಳತಿ ಮಾಲ್ಜಾಳ ಮನೆಯಲ್ಲಿದ್ದ ಹಳೆಯ ಗುಂಡನ್ನು ಎರವಲು ತಂದಳು. ಅದಕ್ಕೆ ಹಳದಿ ಬಟ್ಟೆ. ಸೋರಾ ಎಂದಿನಂತೆ ದಡದ ಬಂಡೆಯ ಮೇಲೆ ಕೂತಿತ್ತು.

ನಾಲ್ಕಾರು ಬಾರಿ ಮುಳುಗಿ ಎದ್ದ ಮೇಲೆ ಗಪ್‌ಸುನ್ ದಡದ ಕಡೆ ನೋಡಿದಳು. ಮಗು ಎದ್ದು ನಿಂತು, ಕೈಯನ್ನು ಹಣೆಗಿಟ್ಟು ಕಡಲನ್ನೆಲ್ಲ ಹುಡುಕುತ್ತಿತ್ತು. ಗಪ್‌ಸುನ್ ಸಿಳ್ಳು ಬಿಟ್ಟಳು. ಮಗುವಿನ ಕಣ್ಣು ಅವಳ ಮೇಲಿಂದ ಹಾದು ಮುಂದೆ ಹೋಯಿತು. ಈಜುಗನ್ನಡಕ, ಕಪ್ಪು ರಬ್ಬರ್ ಉಡುಪು, ಎಲ್ಲರದೂ ಒಂದೇ ತರಹ. ಇನ್ನಷ್ಟು ಹತ್ತಿರ ಈಜಿ ಮತ್ತೆ ಸಿಳ್ಳು ಹಾಕಿದಳು. ಮಗು ನೀಲಿ ಬಟ್ಟೆಯನ್ನು ಹುಡುಕುತ್ತಿತ್ತು. ಅದು ಎಲ್ಲೂ ಇರಲಿಲ್ಲ. ಅಜ್ಜಿ ಮುಳುಗಿಹೋದಳೆಂದು ಹೆದರಿ ಬಾಯಿಬಿಟ್ಟು ಅಳುತ್ತಾ ನೀರಿಗೇ ಇಳಿಯಹೊರಟಿತು.

ಗಪ್‌ಸುನ್ ಶಂಖದ ಚೀಲವನ್ನೂ ಬಿಟ್ಟು ದಡಕ್ಕೆ ಬಂದು ಬಿದ್ದಳು. ಮಗು ಅವಳ ಕುತ್ತಿಗೆಗೆ ಜೋತುಬಿತ್ತು.

ಬೆಂಕಿಯ ಸುತ್ತ ಮೈ ಕಾಯಿಸಿಕೊಳ್ಳುವಾಗ ಮಾಲ್ಜಾ ಸುಮ್ಮನಿರಲಿಲ್ಲ. "ಏನೇ ಗಪ್‌ಸುನ್, ನಮ್ಮನೆ ನಾಯಿಗೂ ನನ್ನ ಸಿಳ್ಳು ಗೊತ್ತು ಮಾರಾಯ್ತಿ! ನಿನ್ನ ಮೊಮ್ಮಗಳಿಗೆ ನಿಂದು ಗೊತ್ತಿಲ್ವಾ?"

ಎಲ್ಲರೂ ನಕ್ಕರು. ಗಪ್‌ಸುನ್ ನಗಲಿಲ್ಲ. ಮನೆಗೆ ಬಂದು, ಗೋಡೆಗೆ ಮುಖ ಮಾಡಿ ಚಿಪ್ಪು ಜೋಡಿಸುತ್ತಿದ್ದ ಮಗುವಿನ ಹಿಂದೆ ನಿಂತಳು. ತನಗೆ ಬಾರದ ಕೆಲಸವನ್ನು ಹೇಗೋ ಮಾಡಿದಳು: ದನಿ ತಗ್ಗಿಸಿದಳು. "ಮಿಠಾಯಿ ಬೇಕಾ?" ಎಂದಳು. ಮಿಠಾಯಿಗೆ ಪ್ರಾಣ ಬಿಡುವ ಮಗು ಅಲುಗಲಿಲ್ಲ. ಇನ್ನೊಮ್ಮೆ ಕೇಳಿದಳು. ಇಲ್ಲ. ಎಂದಿನಂತೆ ಗರ್ಜಿಸಿದಳು. ಮಗು ಹಲ್ಲುಬಿಟ್ಟುಕೊಂಡು ಓಡಿ ಬಂತು.

ಅಲ್ಲಿಗೆ ಗಪ್‌ಸುನ್ ಮಗುವನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡಳು. ಊರೆಲ್ಲ ಕಿರುಚುವವರೇ ಆದರೆ ಮಗುವಿಗೆ ಕೇಳಿಸದ್ದು ಯಾರಿಗೆ ಗೊತ್ತಾಗಬೇಕು? ಅವರ ಕಿವುಡು ಅದರ ಕಿವುಡನ್ನು ಮುಚ್ಚಿಟ್ಟಿತ್ತು. ಮರುದಿನ ಕಡಲು ತಿಳಿಯಾಗಿತ್ತು, ಮುಳುಗಲು ಹೇಳಿಮಾಡಿಸಿದ ದಿನ. ಅವಳು ಮಗುವಿನೊಂದಿಗೆ ಪಟ್ಟಣದ ಬಸ್ಸು ಹತ್ತಿದಳು.

ಮಗುವಿನ ಎರಡೂ ಕಿವಿಯಲ್ಲಿ ಅಂಟಿನಂಥ ನೀರು ತುಂಬಿತ್ತು. "ಮೆತ್ತಗಿನ ಶಬ್ದ ಇವಳಿಗೆ ಕೇಳೇ ಇಲ್ಲ ಅಜ್ಜಿ," ಎಂದಳು ಮೇಡಂ. "ಕೇಳದೇ ಇರೋದನ್ನ ಮಗು ಹೇಗೆ ಹೇಳಬೇಕು?"

"ಕೊಳವೆ ಹಾಕಿಬಿಡಿ. ಕಡಲು ಬೇಡ, ಏನೂ ಬೇಡ," ಎಂದಳು ಗಪ್‌ಸುನ್.

ಕೊಳವೆ ಹಾಕಿದ ಮೇಲೆ ಮಗು ಮೊದಲು ಮಾಡಿದ್ದು ಅಜ್ಜಿ ಬಾಯಿ ತೆರೆದೊಡನೆ ಎರಡೂ ಕಿವಿ ಮುಚ್ಚಿಕೊಂಡಿದ್ದು. ಬೆಂಕಿಯ ಸುತ್ತ ಕೂತವರಿಗೆಲ್ಲ ಅದು ತಿಂಗಳುಗಟ್ಟಲೆ ನಗೆಯಾಯಿತು. ಸಿಳ್ಳು ಕೇಳಿದರೆ ಈಗ ಸೋರಾ ತಟ್ಟನೆ ತಿರುಗುತ್ತಿತ್ತು, ನೀಲಿ ಬಟ್ಟೆಯನ್ನು ಹುಡುಕುತ್ತಿರಲಿಲ್ಲ.

ಆದರೆ ಕಿವಿ ತೆರೆದ ಮಾತ್ರಕ್ಕೆ ನಾಲಿಗೆ ತಿರುಗಲಿಲ್ಲ. ಐದು ವರ್ಷ ಕೇಳದೇ ಇದ್ದದ್ದನ್ನು ಹೊಸದಾಗಿ ಕಲಿಯಬೇಕಿತ್ತು. ಬಾಯ ಮುಂದೆ ಅಂಗೈ ಹಿಡಿದು ಗಾಳಿ ತಾಗುತ್ತದೆಯೇ ನೋಡಬೇಕು ಎಂದು ಮೇಡಂ ಪಾಠ ಹೇಳಿಕೊಟ್ಟಿದ್ದಳು. ಬೇಸಿಗೆ ಕಳೆಯಿತು, ಕಿತ್ತಳೆ ಹಣ್ಣಿನ ಕಾಲ ಬಂತು. ಗಪ್‌ಸುನ್ ಬೈದಳು, ಮುದ್ದಿಸಿದಳು, ಮಿಠಾಯಿಯ ಆಸೆ ತೋರಿಸಿದಳು. ಮಗು ಊದಿ ಊದಿ ಸುಸ್ತಾಗಿ ಅಳುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಅಂಗಳದಲ್ಲಿ ಕಡಲಸೊಪ್ಪು ಹರಡುತ್ತಿದ್ದ ಯೊನ್‌ಸಿಲ್ ಇದ್ದಕ್ಕಿದ್ದಂತೆ ಕೈಬಿಟ್ಟು ನಿಂತಳು. ಕಣ್ಣಲ್ಲಿ ನೀರು.

"ಅಮ್ಮಾ! ಸೋರಾ ತನ್ನ ಹೆಸರು ಸರಿಯಾಗಿ ಹೇಳಿದ್ಲು! ಕೇಳಿಸ್ತಾ?"

ಗಪ್‌ಸುನ್ ಹೌದೆಂದು ತಲೆಯಾಡಿಸಿದಳು. ಆಮೇಲೆ ಸುಳ್ಳು ಹೇಳಲಾರದೆ, "ಇಲ್ಲ ಕಣೇ. ನಂಗೆ 'ಓರಾ' ಅಂತಷ್ಟೇ ಕೇಳಿಸ್ತು," ಎಂದಳು.

ಮಗು ಮತ್ತೆ ಹೇಳಿತು. ಮತ್ತೆ ಅಷ್ಟೇ. ಯಾವ 'ಸೋ' ಶಬ್ದಕ್ಕಾಗಿ ಇಷ್ಟು ದಿನ ಅಲೆದಿದ್ದಳೋ ಅದು ಬಂದಿತ್ತು, ಅದನ್ನು ಕೇಳುವ ಕಿವಿ ಅವಳಿಗೇ ಇರಲಿಲ್ಲ. ಮಗಳ ಮೇಲೆ ಹೊಟ್ಟೆಕಿಚ್ಚಾಯಿತು. ಅಷ್ಟು ಸಂತೋಷದ ನಡುವೆಯೂ ಅಳು ಬಂತು.

ಸೋರಾ ಅವಳ ಮುಖ ನೋಡಿತು. ಹತ್ತಿರ ಬಂದು, ಕಡಲಸೊಪ್ಪು ಮೆತ್ತಿದ್ದ ಅಜ್ಜಿಯ ಒರಟು ಕೈಯನ್ನು ಎಳೆದು, ಮೇಡಂ ಕಲಿಸಿದಂತೆಯೇ ತನ್ನ ಬಾಯ ಮುಂದೆ ಹಿಡಿದುಕೊಂಡಿತು. ತೆಳ್ಳನೆಯ ತಂಪು ಗಾಳಿಯೊಂದು ಗಪ್‌ಸುನ್‌ಳ ಅಂಗೈಯ ನಟ್ಟನಡುವೆ ನೇರವಾಗಿ ಬಂದು ತಾಗಿತು. ಅದರ ಬೆನ್ನಿಗೇ ಉಳಿದ ಹೆಸರು.

"ಇನ್ನೊಂದ್ಸಲ ಹೇಳೇ," ಎಂದಳು ಗಪ್‌ಸುನ್. ಅಳುವಿನ ನಡುವೆ ದನಿ ಪಿಸುಮಾತಿನಷ್ಟೇ ಹೊರಟಿತ್ತು, ಅವಳಿಗೇ ಕೇಳಿಸದಷ್ಟು ಮೆಲ್ಲಗೆ.

ಸೋರಾಗೆ ಕೇಳಿಸಿತು. ಇನ್ನೊಂದು ಸಲ ಹೇಳಿತು.